ದೇವರಿಲ್ಲದ ಬೆಟ್ಟಕ್ಕೆ ಉಪವಾಸ

ಕೈಚೀಲದ ಜಿಪ್ಪು ಕೆಟ್ಟು ಮೂರು ತಿಂಗಳಾಗಿತ್ತು. ಅಂತೂ ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಛತ್ರಿ, ಚೀಲ ರಿಪೇರಿ ಮಾಡುವವನ ಮುಂದೆ ಅದನ್ನು ಇಟ್ಟೆ. ಎಲ್ಲ ಖಾಲಿ ಮಾಡಿಯೇ ತಂದಿದ್ದೇನಪ್ಪ ಎಂದು ನಾನು ಹೇಳುತ್ತಿದ್ದ ಹಾಗೆಯೇ ಅವನು ಒಳಜೇಬಿನಿಂದ ಎರಡು ಸೇಫ್ಟಿ ಪಿನ್ನು, ಆವಿಯಾಗಿ ಅರ್ಧವಾದ ಕರ್ಪೂರದ ಪೊಟ್ಟಣ, ಮತ್ತೆ ಗಟ್ಟಿ ಕಾಗದದ ಒಂದು ಟಿಕೆಟ್ಟನ್ನು ಹೊರಗೆ ತೆಗೆದ. ಟಿಕೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದ್ಯಾವ ಬಸ್ಸಿಂದಕ್ಕ?"

ಬಸ್ಸಿನದಲ್ಲ, ತಂತಿಯ ಮೇಲೆ ತೂಗಾಡಿಕೊಂಡು ಬೆಟ್ಟ ಹತ್ತುವ ಗಾಡಿಯದು ಎಂದೆ. ಯಾವ ಬೆಟ್ಟ ಎಂದ. ಯೂರೋಪಿನದು, ಬಹಳ ದೂರ ಎಂದೆ. ಸೂಜಿಗೆ ದಾರ ಪೋಣಿಸುತ್ತಾ, ಅಲ್ಲಿ ಯಾವ ದೇವರಿದ್ದಾನೆ ಎಂದು ಕೇಳಿದ. ದೇವರಿಲ್ಲ ಎಂದೆ.

"ಮತ್ಯಾಕ್ ಓಗಿದ್ರಿ?"

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಜಿಪ್ಪು ಹಾಕಿಸಿಕೊಂಡು ಮನೆಗೆ ಬಂದು, ಅವರೆಕಾಯಿ ಬಿಡಿಸುತ್ತಾ ಕೂತಾಗಲೂ ಅದೇ ಯೋಚನೆ. ಅವನಿಗೆ ಹೇಳಲಾಗದೆ ಹೋದದ್ದನ್ನು ನಿಮಗಾದರೂ ಹೇಳಿ ನೋಡುತ್ತೇನೆ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾದರೆ ಒಳ್ಳೆಯದು.

ಆಲ್ಪ್ಸ್ ಪರ್ವತ ನನಗೆ ಆರನೇ ಕ್ಲಾಸಿನಿಂದ ಪರಿಚಯ. ಕೊಳ್ಳೇಗಾಲದ ಕಾನ್ವೆಂಟಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸಿಸ್ಟರ್ ಕೈಯಲ್ಲಿ ಯಾವಾಗಲೂ ಉಲ್ಲನ್ ಹೆಣೆಯುವ ಕಡ್ಡಿ ಇರುತ್ತಿತ್ತು. ನಮ್ಮೂರ ಸೆಕೆಯಲ್ಲಿ ಅವರು ಯಾರಿಗಾಗಿ ಸ್ವೆಟರ್ ಹೆಣೆಯುತ್ತಿದ್ದರೋ ಕೊನೆಗೂ ತಿಳಿಯಲಿಲ್ಲ. ಆ ಕಡ್ಡಿಯಿಂದ ಮ್ಯಾಪಿನ ಮೇಲೆ ಆಲ್ಪ್ಸ್ ತೋರಿಸಿ ಕಂದು ಬಣ್ಣ ತುಂಬಿ ಎನ್ನುತ್ತಿದ್ದರು. ನನ್ನ ಕಂದು ಕ್ರೆಯಾನು ದಖನ್ ಪ್ರಸ್ಥಭೂಮಿಗೇ ಮುಗಿದುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಸಗಾಯಮೇರಿ ತನ್ನ ಕ್ರೆಯಾನನ್ನು ಮುರಿದು ಅರ್ಧ ಕೊಟ್ಟಳು.

ಸಗಾಯಮೇರಿ ಹನೂರಿನಾಚೆ, ಕೌದಳ್ಳಿಯ ಕಡೆಯ ಹುಡುಗಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಸ್ಟರುಗಳ ಮುಂದೆ ಇಂಗ್ಲಿಷು. ಹಾಸ್ಟೆಲಿನಲ್ಲಿದ್ದಳು. ಸೋಮವಾರ ಊರಿನಿಂದ ಬರುವಾಗ ಎರಡು ಡಬ್ಬಿ ತರುತ್ತಿದ್ದಳು: ಒಂದರಲ್ಲಿ ಅವಳಿಗೆ ಹುರಿದ ಒಣಮೀನು, ಇನ್ನೊಂದರಲ್ಲಿ ನನಗೆ ಹುಳಿಯನ್ನ. ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲವೆಂದು ಅವಳಮ್ಮ ಬೇರೆ ಸೌಟಿನಲ್ಲಿ ಕಲೆಸಿ ಕಳಿಸುತ್ತಿದ್ದರಂತೆ. ಅದು ಬೇರೆ ಸೌಟೋ ಅದೇ ಸೌಟೋ ನಾನು ಯಾವತ್ತೂ ಕೇಳಲಿಲ್ಲ. ಡಬ್ಬಿಯ ಮೂಲೆಯಲ್ಲಿ ಅಂಟಿಕೊಂಡ ಕಡಲೆಬೀಜಕ್ಕೆ ಇಬ್ಬರೂ ಕಿತ್ತಾಡುತ್ತಿದ್ದೆವು.

ಆಮೇಲೆ ನನ್ನನ್ನು ಯಳಂದೂರಿಗೆ ಕೊಟ್ಟರು. ಮದುವೆಯಾಗಿ ಎರಡನೇ ತಿಂಗಳು, ನರ್ಸಿಂಗ್ ಓದಲು ಹೊರಟಿದ್ದ ಸಗಾಯಮೇರಿ ನನ್ನನ್ನು ನೋಡಲು ಬಂದಳು. ದಿಂಬಿನ ಕವರಿಗೆ ತಾನೇ ಕಸೂತಿ ಹಾಕಿ ತಂದಿದ್ದಳು. ನಮ್ಮತ್ತೆ ಒಳ್ಳೆಯವರು, ಬಾಯ್ತುಂಬ ಮಾತಾಡಿಸಿದರು, ಕಾಫಿ ಮಾಡಿದರು. ನನಗೆ ಸ್ಟೀಲ್ ಲೋಟದಲ್ಲಿ ಕೊಟ್ಟರು. ಅವಳಿಗೆ ಹಿತ್ತಿಲ ಕಿಟಕಿಯಲ್ಲಿ ಬೋರಲು ಹಾಕಿರುತ್ತಿದ್ದ ಗಾಜಿನ ಲೋಟದಲ್ಲಿ ಕೊಟ್ಟರು. ಅದು ಹೊಲದ ಆಳುಗಳಿಗೆ, ಬೇರೆಯವರಿಗೆ ಇಟ್ಟದ್ದು. ಕುಡಿದವರೇ ತೊಳೆದು ಮತ್ತೆ ಬೋರಲು ಹಾಕಬೇಕು. ಸಗಾಯ ಕುಡಿದಳು, ಕೇಳದೆಯೇ ಎದ್ದು ತೊಳೆದಳು, ಇದ್ದ ಕಡೆಯೇ ಬೋರಲು ಹಾಕಿದಳು. ನಾನು ಬಾಗಿಲ ಹತ್ತಿರ ಸೆರಗಿನ ಚುಂಗು ಸುತ್ತುತ್ತಾ ನಿಂತಿದ್ದೆ.

ಅವಳಿಗೆ ಗೊತ್ತಾಯಿತೋ ಇಲ್ಲವೋ? ನಗುನಗುತ್ತಲೇ ಬಸ್ಸು ಹತ್ತಿದಳು. ಕೇರಳಕ್ಕೆ ಹೋದಳು, ಅಲ್ಲಿಂದ ಜರ್ಮನಿ, ಅಲ್ಲಿಂದ ಆಸ್ಟ್ರಿಯಾದ ಇನ್ಸ್‌ಬ್ರುಕ್ ಎಂಬ ಊರು. ಅಲ್ಲಿಯವನನ್ನೇ ಮದುವೆಯಾದಳು. ಫೋನಿನಲ್ಲಿ ಹಬ್ಬಕ್ಕೊಂದು ಹೂವಿನ ಚಿತ್ರ ಬರುತ್ತಿತ್ತು, ನಾನೂ ಕಳಿಸುತ್ತಿದ್ದೆ. ಅತ್ತೆ ತೀರಿಕೊಂಡರು, ನಾವು ಕೊಳ್ಳೇಗಾಲದಲ್ಲಿ ಮನೆ ಮಾಡಿದೆವು, ಅವಳು ಬಂದುಹೋಗಿ ಮೂವತ್ತು ವರ್ಷವಾಯಿತು. ಆ ಲೋಟದ ಪ್ರಶ್ನೆ ಮಾತ್ರ ಹಲ್ಲಿನ ಸಂದಿನ ನಾರಿನ ಹಾಗೆ ಉಳಿದುಬಿಟ್ಟಿತ್ತು. ಆದ್ದರಿಂದ ಮೈಸೂರಿನ ಟೂರಿನವರ ಪಟ್ಟಿಯಲ್ಲಿ ಹನ್ನೆರಡು ದಿನದ ಯೂರೋಪಿನ ನಡುವೆ ಇನ್ಸ್‌ಬ್ರುಕ್ ಹೆಸರು ಕಂಡಾಗ, ನಮ್ಮವರು ಐಫೆಲ್ ಟವರಿಗೆ ಹೊರಟರು, ನಾನು ಸಗಾಯಮೇರಿಯ ಮನೆಗೆ ಹೊರಟೆ. ಒಂದು ಸಲ ಕೂತು ಕೇಳಿಬಿಡಬೇಕು ಎಂದು ವಿಮಾನದಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಪಟ್ಟಿಯಲ್ಲಿ ಆ ಊರಿಗೆ ಇದ್ದದ್ದು ಒಂದು ರಾತ್ರಿ, ಒಂದು ಹಗಲು. ನಾಲ್ಕು ಗಂಟೆಗೆ ಇಟಲಿಗೆ ಬಸ್ಸು. ಅಷ್ಟರಲ್ಲಿ ಆಗಬೇಕು.

ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ಸಗಾಯ ಬಂದಳು. ಕೂದಲು ಕತ್ತರಿಸಿದ್ದಳು, ಬೂದು ಬಣ್ಣದ ಕೋಟು, ಕೊರಳಲ್ಲಿ ಅದೇ ಹಳೆಯ ಸಣ್ಣ ಶಿಲುಬೆ. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹಿಂದಿನ ಹನೂರು. ನಮ್ಮ ಕಡೆಯ ಹುಡುಗರೇ ಈಗ ಟಿವಿಯವರ ಹಾಗೆ ಮಾತಾಡುತ್ತಾರೆ; ಇವಳದು ಒಂದಕ್ಷರ ಬದಲಾಗಿರಲಿಲ್ಲ. "ಏನೇ ಶಶಿ, ಇಷ್ಟು ದಪ್ಪ ಆಗ್ಬುಟ್ಟಿದ್ದೀಯೆ," ಎಂದು ತಬ್ಬಿಕೊಂಡಳು. ಅಷ್ಟು ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು.

ಇವತ್ತಿನ ಕಾರ್ಯಕ್ರಮ ಹೇಳಿದಳು. ಮೊದಲು ಅವಳ ಮನೆ, ಆಮೇಲೆ ಹಳೇ ಪೇಟೆ, ಆಮೇಲೆ ಬೆಟ್ಟ. ಬೆಟ್ಟ ಎನ್ನುತ್ತಾ ತಲೆಯೆತ್ತಿ ತೋರಿಸಿದಳು. ನಮ್ಮ ಬೀದಿಯ ಕೊನೆಗೆ ಹಾಲಿನ ಡೈರಿ ಇರುವಷ್ಟು ಹತ್ತಿರದಲ್ಲಿ, ಆ ಊರಿನ ಬೀದಿಯ ಕೊನೆಗೆ ಹಿಮದ ಬೆಟ್ಟ ನಿಂತಿತ್ತು.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆ ಬೆಟ್ಟ ಎಂದರೆ ಅದರ ಮೇಲೆ ದೇವರಿರಲೇಬೇಕು. ಮಾದಪ್ಪನ ಬೆಟ್ಟವಾಗಲಿ, ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟವಾಗಲಿ, ದರ್ಶನವಾಗುವ ತನಕ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅತ್ತೆ ಕಾಫಿಗೂ ಬಿಡುತ್ತಿರಲಿಲ್ಲ. ನಾನಂತೂ ಈ ನಿಯಮವನ್ನು ಸಂತೋಷದಿಂದ ಪಾಲಿಸಿದವಳು. ನಿಜ ಹೇಳಬೇಕೆಂದರೆ ಅದರಲ್ಲಿ ಭಕ್ತಿ ಅರ್ಧ, ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವ ಭಯ ಅರ್ಧ. ಮೂವತ್ತು ವರ್ಷದಲ್ಲಿ ಎರಡೂ ಎಷ್ಟು ಕಲೆತುಹೋಗಿವೆಯೆಂದರೆ ಯಾವುದು ಯಾವುದೆಂದು ನನಗೇ ಗೊತ್ತಾಗುವುದಿಲ್ಲ. ಹಿಂದಿನ ರಾತ್ರಿಯೇ ಸಗಾಯ ಫೋನಿನಲ್ಲಿ ಬೆಟ್ಟದ ಸುದ್ದಿ ಹೇಳಿದ್ದಳು; ಬೆಳಿಗ್ಗೆ ಎದ್ದ ನಾನು ಹೋಟೆಲಿನಲ್ಲಿ ಏನೂ ಮುಟ್ಟಲಿಲ್ಲ. ಅದನ್ನು ಯೋಚಿಸಿ ಮಾಡಲಿಲ್ಲ, ಕೈ ತಾನಾಗಿಯೇ ಹಿಂದೆ ಸರಿಯಿತು. ನಮ್ಮವರು ನನ್ನ ಪಾಲಿನ ಬ್ರೆಡ್ಡನ್ನೂ ತಿಂದರು.

ಸಗಾಯಳ ಮನೆ ಮೂರನೇ ಮಹಡಿ. ಗಂಡ ರೈಲ್ವೆಯವನು, ಡ್ಯೂಟಿಗೆ ಹೋಗಿದ್ದ. ಅಡುಗೆಮನೆಯ ಮೇಜಿನ ಮೇಲೆ ಇಡ್ಲಿ, ಸಣ್ಣ ಈರುಳ್ಳಿಯ ಸಾಂಬಾರು, ಕೇಸರಿಬಾತು. ಆ ಚಳಿ ದೇಶದಲ್ಲಿ ಹಿಟ್ಟು ಹುಳಿ ಬರಲೆಂದು ಎರಡು ದಿನ ಓವನ್ನಿನೊಳಗೆ ದೀಪ ಹಾಕಿ ಇಟ್ಟಿದ್ದಳಂತೆ. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಅಂಗಡಿಯ ಸ್ಟಿಕರು ಹಾಗೆಯೇ ಇತ್ತು. ಬಾಣಲೆಯ ಹಿಡಿಗೆ ಕಟ್ಟಿದ್ದ ದಾರವನ್ನೂ ಕತ್ತರಿಸಿರಲಿಲ್ಲ. ಇಂಥವು ನನ್ನ ಕಣ್ಣಿಗೆ ಬೇಗ ಬೀಳುತ್ತವೆ. ಎಷ್ಟು ಒಪ್ಪವಾಗಿ ಇಟ್ಟುಕೊಂಡಿದ್ದಾಳೆ, ಹೊಸದರ ಹಾಗೇ ಇದೆ, ಎಂದುಕೊಂಡೆ. ಕಂಡದ್ದು ಅಷ್ಟು, ತಿಳಿದದ್ದು ಸೊನ್ನೆ.

"ಕೂತ್ಕೊ, ಬಿಸಿಯಾಗಿ ಸಾಪಾಟು ಮುಗಿಸ್ಕಂಡು ಓಗವ," ಎಂದು ತಟ್ಟೆ ಇಟ್ಟಳು. ನಾನು ಈಗ ಬೇಡ ಕಣೆ ಎಂದೆ. ಅವಳು ಮತ್ತೆ ಹೇಳಿದಳು. ನಾನು ಮತ್ತೆ ಬೇಡ ಎಂದೆ. ಕಾರಣ ಹೇಳಬಹುದಿತ್ತು. ಆದರೆ ಕಾನ್ವೆಂಟಿನಲ್ಲಿ ಓದಿ, ವಿಮಾನ ಹತ್ತಿ ಬಂದು, ಹೆಸರು ಗೊತ್ತಿಲ್ಲದ ಬೆಟ್ಟಕ್ಕೆ ಉಪವಾಸವಿದ್ದೇನೆ ಎನ್ನಲು ನಾಚಿಕೆಯಾಯಿತು. ಒಂದು ಕಾಫಿ ಎಂದಳು. ಅದೂ ಬೇಡ ಎಂದೆ. ನಮ್ಮವರು ಹೊಟ್ಟೆ ಸವರಿಕೊಂಡು ತಮ್ಮದೂ ತುಂಬಿದೆ ಎಂದರು. ಸಗಾಯ ಮೂರು ತಟ್ಟೆಗಳನ್ನು ತೆಗೆದು, ಇಡ್ಲಿಯ ಮೇಲೆ, ಸಾಂಬಾರಿನ ಮೇಲೆ, ಕೇಸರಿಬಾತಿನ ಮೇಲೆ ಒಂದೊಂದಾಗಿ ಮುಚ್ಚಿದಳು.

ಅಲ್ಲಿಂದ ಮುಂದೆ ಅವಳು ಗೈಡ್ ಆಗಿಬಿಟ್ಟಳು. ಇದು ಇನ್ ನದಿ, ಇದು ಸೇತುವೆ, ಇದು ರಾಜರ ಅರಮನೆ. ಕೇಳಿದ್ದಕ್ಕೆ ಉತ್ತರ, ಅದರ ಮೇಲೆ ಒಂದು ಮಾತಿಲ್ಲ. ನಾನು ಜೊತೆಗೆ ನಡೆದರೆ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಮಹಡಿ ಇಳಿಯುವಷ್ಟರಲ್ಲಿ ಏನಾಯಿತು? ಅವಳು ದಪ್ಪ ಎಂದದ್ದಕ್ಕೆ ನಾನು ನಕ್ಕೆನಲ್ಲ, ಸರಿಯಾಗಿ ನಗಲಿಲ್ಲವೇ? ಅವಳ ಗಂಡನನ್ನು ವಿಚಾರಿಸುವುದು ಮರೆತೆನೇ? ಉಡುಗೊರೆಯ ರೇಷ್ಮೆ ಸೀರೆಯನ್ನು ಸೋಫಾದ ಮೇಲೆ ಇಟ್ಟು ಬಂದೆ, ಕೈಗೇ ಕೊಡಬೇಕಿತ್ತೇ? ತಲೆಯೊಳಗೆ ಇದು ನಡೆಯುತ್ತಿರುವಾಗ ಊರು ನೋಡುವುದು ಹೇಗೆ. ಚಿನ್ನದ ಸೂರು ಎಂದು ಜನವೆಲ್ಲ ಕತ್ತೆತ್ತಿ ನಿಂತಿದ್ದರು. ನಾನು ಊರಗಲದ ಚಿನ್ನದ ಮನೆಯನ್ನು ಹುಡುಕುತ್ತಾ ನಿಂತೆ. ಕೊನೆಗೆ ನಮ್ಮವರು ನನ್ನ ಗಲ್ಲ ಹಿಡಿದು ತಿರುಗಿಸಿದರು. ಒಂದು ಬಾಲ್ಕನಿ, ಅದರ ಮೇಲೆ ಚಾಪೆಯಷ್ಟಗಲದ ಸೂರು. ಇಷ್ಟೇನಾ ಎಂದುಬಿಟ್ಟೆ. ಸಗಾಯ ನನ್ನನ್ನು ನೋಡಿ, ಇಷ್ಟೇ, ನಮ್ಮಲ್ಲಿ ಇರೋದೇ ಇಷ್ಟು ಎಂದಳು. ಆ ಮಾತು ಸೂರಿನ ಬಗ್ಗೆ ಮಾತ್ರ ಅಲ್ಲ ಎಂದು ಅನ್ನಿಸಿತು. ಹಾಗಾದರೆ ಯಾವುದರ ಬಗ್ಗೆ? ಹೊಟ್ಟೆ ಖಾಲಿಯಿದ್ದಾಗ ನನ್ನ ಬುದ್ಧಿ ಅಷ್ಟು ದೂರ ಓಡುವುದಿಲ್ಲ.

ಬೆಟ್ಟಕ್ಕೆ ಮೂರು ಗಾಡಿ ಹತ್ತಬೇಕು. ಮೊದಲು ರೈಲಿನಂಥದ್ದು, ಆಮೇಲೆ ಎರಡು ಸಲ ತಂತಿಯದು. ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಕೌದಳ್ಳಿ ದಾಟಿದ ಮೇಲೆ ಬರುವಂಥ ಒಂದು ತಿರುವೂ ಇಲ್ಲ. ನೇರ ಎತ್ತಿ ಮೇಲಿಡುತ್ತಾರೆ. ದಾರಿಯಲ್ಲಿ ಎದುರಾದ ಮುದುಕ ಮುದುಕಿಯರೆಲ್ಲ ನಮಗೆ ಒಂದೇ ಮಾತು ಹೇಳುತ್ತಿದ್ದರು. ಏನು ಎಂದೆ. ದೇವರ ಹೆಸರಿನಲ್ಲಿ ನಮಸ್ಕಾರ ಅಂತ, ಇಲ್ಲಿ ಎಲ್ಲರೂ ಹಾಗೇ ಹೇಳೋದು ಎಂದಳು ಸಗಾಯ, ಕಿಟಕಿಯ ಕಡೆ ತಿರುಗಿ. ನನಗೆ ಧೈರ್ಯ ಬಂತು. ನಮ್ಮ ಬೆಟ್ಟದಲ್ಲೂ ಇಳಿದು ಬರುವವರು ಹತ್ತುವವರಿಗೆ ದೇವರ ಹೆಸರನ್ನೇ ತಾನೇ ಕೂಗಿ ಹೇಳುವುದು. ಹಾಗಾದರೆ ಮೇಲೆ ಏನೋ ಇದೆ, ನನ್ನ ಉಪವಾಸ ದಂಡವಲ್ಲ. ಚೀಲದಲ್ಲಿ ಕರ್ಪೂರವಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಮೇಲೆ ಇಳಿದಾಗ ಮೇ ತಿಂಗಳಲ್ಲೂ ಅಲ್ಲಲ್ಲಿ ಹಿಮ. ಹಳದಿ ಕೊಕ್ಕಿನ ಕರೀ ಹಕ್ಕಿಗಳು ಗಾಳಿಗೆ ಎದುರಾಗಿ ತೇಲುತ್ತಿದ್ದವು. ಕಲ್ಲಿನ ಕಾಲುದಾರಿಯಲ್ಲಿ ಹತ್ತು ನಿಮಿಷ ಏದುಸಿರು ಬಿಟ್ಟು ತುದಿಗೆ ಹೋದರೆ ಗುಡಿಯಿಲ್ಲ, ಗೋಪುರವಿಲ್ಲ, ಒಂದು ಮರದ ಶಿಲುಬೆ. ಹತ್ತು ವರ್ಷ ದಿನಾ ಬೆಳಿಗ್ಗೆ ಶಾಲೆಯಲ್ಲಿ ಇದರ ಮುಂದೆ ತಾನೇ ನಿಂತದ್ದು ಎಂದು ಸಮಾಧಾನ ಮಾಡಿಕೊಂಡು, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕೈಮುಗಿದೆ. ಕಾಲುಚೀಲಕ್ಕೆ ಹಿಮದ ನೀರು ಇಳಿಯಿತು.

"ಶಶಿ, ಬೂಟ್ಯಾಕೆ ಬಿಚ್ಚಿದ್ದೀಯೆ?" ಮನೆಯಿಂದ ಹೊರಟ ಮೇಲೆ ಮೊದಲ ಸಲ ನನ್ನ ಹೆಸರು ಹಿಡಿದು ಕರೆದಳು.

ನಮ್ಮವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಲೇ ಹೇಳಿದರು: "ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲಮ್ಮ ಇವಳು. ಬೆಟ್ಟ ಹತ್ತೋ ದಿನ ಹಾಗೇ. ನಮ್ಮ ಮಾದಪ್ಪನ ಬೆಟ್ಟ ಆದ್ರೇನು, ನಿಮ್ಮ ಆಲ್ಪ್ಸ್ ಆದ್ರೇನು, ಇವಳಿಗೆ ಎಲ್ಲಾ ಒಂದೇ."

ಸಗಾಯ ಅಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟಳು.

"ಅದಕ್ಕಾ ನೀನು ತಿನ್ನದೆ ಇದ್ದದ್ದು?"

"ಮತ್ತೆ ಯಾತಕ್ಕೆ?"

ಅವಳು ಕೆಳಗಿನ ಊರನ್ನೇ ನೋಡುತ್ತಿದ್ದಳು. "ನಾನು ಬ್ಯಾರೆ ಅಂದ್ಕಂಡೆ ಕಣೆ. ಮಾಂಸ ಬೇಯ್ಸಿದ ಪಾತ್ರೇಲಿ ಮಾಡವ್ಳೆ ಅಂತ ನಿಂಗೆ ಅನ್ನಿಸ್ಬಾರ್ದು ಅಂತ ಎಲ್ಲಾ ಹೊಸದು ತಕಂಡಿದ್ದೆ. ಇಡ್ಲಿ ಪಾತ್ರೆ, ಬಾಣ್ಲಿ, ಸೌಟು. ಸ್ಟಿಕರ್ ಕಾಣಲಿ ಅಂತ ಕೀಳ್ದೆ ಬುಟ್ಟಿದ್ದೆ. ಅಷ್ಟಾದ್ರೂ ಮುಟ್ನಿಲ್ವಲ್ಲ ಇವ್ಳು ಅಂತ."

ಹನೂರಿನ ದಾರಿಯಲ್ಲಿ ಹುಟ್ಟಿದವಳು ಅವಳು. ಬರಿಗಾಲಿನಲ್ಲಿ, ಬರಿಹೊಟ್ಟೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ಮನೆಯ ಜಗುಲಿಯಿಂದ ನೋಡಿಯೇ ಬೆಳೆದವಳು. ಯೂರೋಪಿನ ಬೆಟ್ಟಕ್ಕೂ ಒಬ್ಬಳು ಹಾಗೆಯೇ ಹೊರಡುತ್ತಾಳೆಂದು ಅವಳಿಗೆ ಹೊಳೆಯಲಿಲ್ಲ. ನನಗಂತೂ ಸ್ಟಿಕರಿನ ಅರ್ಥವೇ ಹೊಳೆಯಲಿಲ್ಲ.

ನಗಬಹುದಿತ್ತು. ನಮ್ಮವರು ನಗಲು ಶುರುವನ್ನೂ ಮಾಡಿದ್ದರು. ನನ್ನ ಮುಖ ನೋಡಿ ಹಕ್ಕಿಗಳ ಫೋಟೋ ತೆಗೆಯಲು ಆ ಕಡೆ ಹೋದರು. ವಿಮಾನದಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಯಳಂದೂರಿನಲ್ಲಿ ಅವತ್ತು, ಎಂದಷ್ಟೇ ಅಂದೆ.

"ನೋಡ್ದೆ," ಎಂದಳು. ಕೇಳಿ ಮುಗಿಸಲೂ ಬಿಡಲಿಲ್ಲ. "ಕಾಫಿ ಕೈಗೆ ಬರೋ ಮುಂಚೇನೇ ಗೊತ್ತಾಯ್ತು. ನಿಮ್ಮತ್ತೆ ಮ್ಯಾಲೆ ನಂಗೇನೂ ಸಿಟ್ಟಿಲ್ಲ, ಅವ್ರಿಗೆ ನಾನ್ಯಾರು? ನೀನು ತಲೆ ಬಗ್ಗಿಸ್ಕಂಡು ನಿಂತಿದ್ದೆಯಲ್ಲ. ಅದು ಕಣೆ."

ಹೊಸ ಮದುವಣಗಿತ್ತಿ, ಇಪ್ಪತ್ತೊಂದು ವರ್ಷ, ಅತ್ತೆಯ ಮುಂದೆ ಬಾಯಿ ತೆಗೆಯುವ ಹಾಗಿರಲಿಲ್ಲ. ಎಲ್ಲ ನಿಜವೇ. ಒಂದನ್ನೂ ಹೇಳಲಿಲ್ಲ. ಹೇಳಿದರೆ ಅವಳು ಹೌದು ಬಿಡು ಎನ್ನುತ್ತಿದ್ದಳು, ಅಲ್ಲಿಗೆ ಅದು ಮುಚ್ಚಿಹೋಗುತ್ತಿತ್ತು.

"ನನ್ನ ಲೋಟ ನಿಂಗೆ ಕೊಟ್ಟು, ನಿನ್ನದು ನಾನು ತಗೋಬಹುದಿತ್ತು," ಎಂದೆ.

ಅವಳು ಕೊರಳಿನ ಮಫ್ಲರಿನ ತುದಿ ಎಳೆದುಕೊಂಡು ಹೇಳಿದಳು: "ಉಂ. ತಗೋಬಹುದಿತ್ತು."

ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ, ಮರೆತುಬಿಡು ಎನ್ನಲಿಲ್ಲ. ನಾನು ಕಾಲುಚೀಲ ಹಿಂಡಿದೆ. ಅವಳು ತನ್ನ ಮಫ್ಲರು ಬಿಚ್ಚಿ, ಇದರಲ್ಲಿ ಕಾಲೊರೆಸ್ಕೊ, ಶೀತ ಆಗುತ್ತೆ ಎಂದಳು. ನರ್ಸಿನ ದನಿಯೋ ಗೆಳತಿಯ ದನಿಯೋ ತಿಳಿಯಲಿಲ್ಲ.

ಇಳಿದು ಬರುವಷ್ಟರಲ್ಲಿ ಮೂರೂಕಾಲು. ಮನೆಗೆ ಹೋಗಿ ತಿಂದು ಬರಲು ಸಮಯವಿಲ್ಲ, ಬಸ್ಸು ಹೊರಟುಬಿಡುತ್ತೆ, ಇನ್ನೊಂದ್ಸಲ ಬಂದಾಗ ತಿನ್ನುವೆಯಂತೆ ಬಿಡು ಎಂದಳು ಸಗಾಯ. ಇನ್ನೊಂದು ಸಲ ಯಾವಾಗ? ನಾವಿಬ್ಬರೂ ಐವತ್ತು ದಾಟಿದವರು. ಅಲ್ಲದೆ ಈಗ ಅವಳ ಮನೆಯಲ್ಲಿ ಹನಿ ನೀರೂ ಕುಡಿಯದೆ ಬಸ್ಸು ಹತ್ತಿದರೆ, ಕಾರಣ ಎಷ್ಟು ಚೆನ್ನಾಗಿದ್ದರೇನು, ಉಳಿಯುವುದು ತಿನ್ನದೆ ಹೋದಳು ಎಂಬುದೇ.

ನಾನು ಶಾಲೆಗೆ ಒಂದು ದಿನವೂ ತಡವಾಗಿ ಹೋದವಳಲ್ಲ. ಟೂರಿನಲ್ಲೂ ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವವಳು ನಾನೇ. ಅದು ಹೇಗೆ ಬಾಯಿಂದ ಬಂತೋ, ನೀವು ಬಸ್ಸಿನಲ್ಲಿ ಹೋಗಿರಿ, ನಾನು ತಿಂದು ಹಿಂದಿನಿಂದ ಬರುತ್ತೇನೆ ಎಂದೆ ನಮ್ಮವರಿಗೆ.

"ಇದು ಯಳಂದೂರು ಬಸ್ಸಲ್ಲ ಕಣೆ, ಅರ್ಧ ಗಂಟೆಗೊಂದು ಬರೋಕೆ," ಎಂದರು ಅವರು. "ಇಟಲಿ ಬಸ್ಸು."

ಇಟಲಿಯಾದರೂ ಸರಿ ಎಂದೆ. ಅವರು ಟೂರ್ ಮ್ಯಾನೇಜರಿಗೆ ಫೋನು ಮಾಡಿದರು. ಆ ಹುಡುಗಿ ಗಾಬರಿಯಾಗಿ, ಡ್ರೈವರು ಹತ್ತು ನಿಮಿಷವೂ ಕಾಯುವುದಿಲ್ಲ ಅಂಕಲ್, ಆಂಟಿಗೆ ಹುಷಾರಿಲ್ಲವೇ ಎಂದು ಕೇಳಿದಳು. ನಮ್ಮವರು ನನ್ನನ್ನೂ ಸಗಾಯಳನ್ನೂ ನೋಡಿದರು. ಏನೂ ಇಲ್ಲಮ್ಮ, ಇಡ್ಲಿ ತಿನ್ನೋದು ಬಾಕಿ ಇದೆ, ಎಂದು ಫೋನಿಟ್ಟರು. ಅವರಿಗೆ ಎಷ್ಟು ಅರ್ಥವಾಗಿತ್ತೋ ನಾನು ಇವತ್ತಿಗೂ ಕೇಳಿಲ್ಲ. ಸಗಾಯ ಗಂಡನಿಗೆ ಫೋನು ಮಾಡಿ ಸಂಜೆಯ ರೈಲು ಯಾವುದೆಂದು ಆ ದೇಶದ ಭಾಷೆಯಲ್ಲಿ ಕೇಳಿದಳು. ನಮ್ಮ ಪೆಟ್ಟಿಗೆಗಳೆಲ್ಲ ನಮ್ಮನ್ನು ಬಿಟ್ಟು ಇಟಲಿಗೆ ಹೊರಟವು.

ಅಡುಗೆಮನೆಯಲ್ಲಿ ಅವಳು ಇಡ್ಲಿ ಬಿಸಿ ಮಾಡಲು ಹೊರಟಳು. ಬೇಡ, ಹಾಗೇ ಹಾಕು ಎಂದೆ. ನೀನೂ ಕೂತುಕೋ ಎಂದೆ; ಕೂರಲಿಲ್ಲ, ಸೌಟು ಹಿಡಿದೇ ನಿಂತಳು. ಇಡ್ಲಿ ಅಂಚಿನಲ್ಲಿ ಸ್ವಲ್ಪ ಗಟ್ಟಿಯಾಗಿತ್ತು. ಸಾಂಬಾರಿಗೆ ಉಪ್ಪು ಒಂದು ಕಲ್ಲು ಹೆಚ್ಚು. ಮೊದಲನೆಯದು ತಿಂದೆ, ಎರಡನೆಯದು ತಿಂದೆ. ಎರಡು ಸಲವೂ ಅವಳು ನೆಂಟರಿಗೆ ಕೇಳುವ ಹಾಗೆ ಇನ್ನೊಂದು ಹಾಕಲೇ ಎಂದು ಕೇಳಿ, ನಾನು ತಲೆಯಾಡಿಸಿದ ಮೇಲೆ ಹಾಕಿದಳು. ನಮ್ಮವರು ಮೂರಕ್ಕೆ ಕೈ ಅಡ್ಡ ಹಿಡಿದರು.

ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾಲ್ಕನೆಯ ಇಡ್ಲಿಗೆ ಅವಳು ಬೇಕಾ ಎಂದು ಕೇಳಲಿಲ್ಲ. ಹಾಕಿಬಿಟ್ಟು, ಕುರ್ಚಿ ಎಳೆದುಕೊಂಡು, ನನ್ನ ತಟ್ಟೆಯಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಉಪ್ಪು ಜಾಸ್ತಿ ಆಗ್ಬುಟ್ಟದೆ, ಒಂದ್ ಮಾತು ಏಳ್ಬಾರ್ದಾ ಮೂದೇವಿ," ಎಂದಳು.